‘ನೀವು’ ಹೋಗಿ ‘ನೀನು’ ಬರುವಷ್ಟು ಹೊತ್ತು

ಥಾಯ್ ಭಾಷೆಯಲ್ಲಿ ಒಬ್ಬ ಹುಡುಗ ಇನ್ನೊಬ್ಬನನ್ನು ಮಾತಾಡಿಸೋಕೆ ಕಡಿಮೆಯೆಂದರೂ ಐದು ದಾರಿಗಳಿವೆ. ಗುರುತಿಲ್ಲದವನಾದರೆ ‘ಖುನ್’, ನಮ್ಮ ‘ನೀವು’ ಇದ್ದ ಹಾಗೆ. ವಯಸ್ಸಿನಲ್ಲಿ ಹಿರಿಯನಾದರೆ ಹೆಸರಿಗೆ ಮುಂಚೆ ‘ಪಿ’, ಕಿರಿಯನಾದರೆ ‘ನೋಂಗ್’. ಓರಗೆಯವನಾದರೆ ‘ನಾಯ್’. ಒಂದೇ ತಟ್ಟೆಯಲ್ಲಿ ಉಣ್ಣುವ ಗೆಳೆಯನಾದರೆ, ಇಲ್ಲವೇ ಕೊರಳಪಟ್ಟಿ ಹಿಡಿದು ಜಗಳಕ್ಕೆ ನಿಂತವನಾದರೆ ‘ಮುಂಗ್’. ನಮ್ಮ ‘ಲೇ’ ಇದೆಯಲ್ಲ, ಹೆಚ್ಚುಕಡಿಮೆ ಅದೇ ಜಾತಿಯ ಮಾತು. ಇಂಗ್ಲಿಷ್ ಸಬ್‌ಟೈಟಲ್ ಈ ಐದನ್ನೂ ಒಂದೇ ‘ಯೂ’ ಮಾಡಿ ಪರದೆಯ ಕೆಳಗೆ ಬರೆದು ಕೈತೊಳೆದುಕೊಳ್ಳುತ್ತದೆ. ಏಷ್ಯಾದ ಗಂಡು–ಗಂಡು ಪ್ರೇಮದ ಸರಣಿಗಳನ್ನು ನೋಡಿ ‘ತುಂಬಾ ಸ್ಲೋ, ಏನೂ ಆಗಲ್ಲ’ ಅನ್ನುವವರಲ್ಲಿ ಬಹಳ ಜನ ಈ ‘ಯೂ’ ಕೈಲಿ ಮೋಸಹೋದವರು.

ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ನೀವು’ ಅನ್ನುತ್ತಿದ್ದವರು ಒಂದು ದಿನ ಇದ್ದಕ್ಕಿದ್ದ ಹಾಗೆ ‘ನೀನು’ ಅಂದರೆ ಎದುರಿಗಿರುವವರ ಕಿವಿ ನೆಟ್ಟಗಾಗುತ್ತದೆ. ಅದು ಕೋಪವೋ ಸಲುಗೆಯೋ ಅನ್ನುವುದು ದನಿಯಲ್ಲೇ ತಿಳಿಯುತ್ತದೆ. ಈ ಸರಣಿಗಳನ್ನು ಅಳೆಯೋದಕ್ಕೆ ಒಳ್ಳೆಯ ಅಳತೆಗೋಲು ನಮ್ಮಲ್ಲೇ ಇದೆ, ‘ಸಲುಗೆ’ ಅನ್ನುವ ಪದ. ಮುತ್ತು ಯಾವ ಕಂತಿಗೆ ಬರುತ್ತದೆ ಅಂತ ಕಾಯುತ್ತಾ ಕೂತರೆ ಒಂಬತ್ತು ಕಂತು ಖಾಲಿ ಕಾಣುತ್ತವೆ. ಸಲುಗೆ ಎಲ್ಲಿ ಒಂದು ಗೆಣ್ಣು ಬೆಳೆಯಿತು ಅಂತ ಕಿವಿಗೊಟ್ಟರೆ ಖಾಲಿ ಕಂತು ಸಿಗುವುದೇ ಅಪರೂಪ.

ಹೆಸರಿನ ವಿಚಾರ ಬೇಗ ಮುಗಿಸಿಬಿಡೋಣ. ಲೋಕವೆಲ್ಲ ಇದನ್ನು ‘ಬಿಎಲ್’ ಅನ್ನುತ್ತದೆ, ಅಂದರೆ ಬಾಯ್ಸ್ ಲವ್. ಥಾಯ್ಲೆಂಡಿನಲ್ಲಿ ‘ಸೀರೀಸ್ ವಾಯ್’, ಚೀನಾದಲ್ಲಿ ‘ದಾನ್‌ಮೇ’. ಬೇರು ಇರುವುದು ಜಪಾನಿನ ಹುಡುಗಿಯರ ಮಾಂಗಾ, ಅಂದರೆ ಚಿತ್ರಕಥೆಯ ಪತ್ರಿಕೆಗಳಲ್ಲಿ. ಹಾಗಿಯೋ ಮೋಟೋ, ತಾಕೆಮಿಯಾ ಕೇಕೋ ಅವರಂಥ ಹೆಂಗಸರು 1970ರ ದಶಕದಲ್ಲಿ ಹುಡುಗರ ಪ್ರೇಮದ ಚಿತ್ರಕಥೆ ಬರೆಯತೊಡಗಿದರು. ಮೂಲ ಕಾದಂಬರಿ, ಮಾಂಗಾ ಬರೆಯುವವರಲ್ಲೂ ಓದುವವರಲ್ಲೂ ಇವತ್ತಿಗೂ ಹೆಂಗಸರೇ ಹೆಚ್ಚು. ಗೇ ಬದುಕಿನ ದಾಖಲೆಯಾಗಿ ಹುಟ್ಟಿದ ಪ್ರಕಾರವಲ್ಲ ಇದು, ಪ್ರೇಮಕಥೆಯ ಒಂದು ಕವಲು. ಹಾಗಾಗಿ ಇದರ ಬಲ, ಕೊರತೆ ಎರಡೂ ಪ್ರೇಮಕಥೆಯವೇ.

ನಿಧಾನ ಬೇರೆ, ಎಳೆತ ಬೇರೆ. ಎಳೆತ ಏನೆಂದು ನಮ್ಮ ಸಂಜೆಯ ಧಾರಾವಾಹಿ ನೋಡುವವರಿಗೆ ಗೊತ್ತು: ಸೊಸೆ ಬಾಗಿಲು ತೆಗೆದಳು, ಮೂರು ದಿಕ್ಕಿನಿಂದ ಮೂರು ಸಲ ಮುಖ, ಗುಡುಗಿನ ಸದ್ದು, ಜಾಹೀರಾತು. ಮರುದಿನವೂ ಅದೇ ಬಾಗಿಲಲ್ಲಿ ನಿಂತಿರುತ್ತಾಳೆ. ಚೆನ್ನಾಗಿ ಕಟ್ಟಿದ ನಿಧಾನಪ್ರೇಮದಲ್ಲಿ ಪ್ರತಿ ಕಂತಿಗೂ ವಾಪಸು ಪಡೆಯಲಾಗದ ಒಂದು ಸಂಗತಿ ನಡೆದಿರುತ್ತದೆ. ಅದು ದೊಡ್ಡದಾಗಬೇಕಿಲ್ಲ. ಇಬ್ಬರಲ್ಲಿ ಒಬ್ಬ ಇನ್ನೊಬ್ಬನ ಕೋಣೆಯಲ್ಲಿ ನಿದ್ದೆಹೋದ. ಒಬ್ಬ ಇನ್ನೊಬ್ಬನಿಗೆ ಖಾರ ಆಗುವುದಿಲ್ಲ ಅಂತ ತಿಳಿದುಕೊಂಡ. ಇಷ್ಟೇ ಸಾಕು, ಆದರೆ ಮುಂದಿನ ಕಂತಿನಲ್ಲಿ ಅದು ಗೊತ್ತಿರುವವನ ಹಾಗೆ ಅವನು ನಡೆದುಕೊಳ್ಳಬೇಕು. ಪರೀಕ್ಷೆ ಸುಲಭ. ನಡುವಿನ ಒಂದು ಕಂತು ಬಿಟ್ಟು ಅದರ ಮುಂದಿನದಕ್ಕೆ ಹೋಗಿ. ಇಬ್ಬರ ನಡುವೆ ಏನೋ ಬದಲಾಗಿದೆಯಲ್ಲ, ಯಾವಾಗ ಆಯಿತು ಅನ್ನಿಸಿದರೆ ಅದು ನಿಧಾನ. ಏನೂ ತಪ್ಪಿಹೋಗಲಿಲ್ಲ ಅನ್ನಿಸಿದರೆ ಎಳೆತ.

ಕಂತುಗಳ ಲೆಕ್ಕಕ್ಕೂ ನಿಧಾನಕ್ಕೂ ನೇರ ಸಂಬಂಧವಿಲ್ಲ. ಜಪಾನಿನ ‘ಓಲ್ಡ್ ಫ್ಯಾಷನ್ ಕಪ್‌ಕೇಕ್’ (2022) ಬರೀ 5 ಕಂತು, ಒಟ್ಟು ಎರಡು ಗಂಟೆಯ ಆಸುಪಾಸು. ಆದರೂ ಸಾವಕಾಶವಾಗಿಯೇ ನಡೆಯುತ್ತದೆ. 39 ವರ್ಷದ ನೊಜುಯೆ, ಅದೇ ಆಫೀಸಿನಲ್ಲಿ ಅವನ ಕೈಕೆಳಗಿರುವ 29ರ ತೊಗಾವಾ. ವಯಸ್ಸಾಯಿತು, ಇನ್ನೇನಿದೆ ಅಂತ ಕೈಚೆಲ್ಲಿದ ನೊಜುಯೆಯನ್ನು ತೊಗಾವಾ ಹೆಣ್ಣುಮಕ್ಕಳೇ ತುಂಬಿರುವ ಪ್ಯಾನ್‌ಕೇಕ್ ಅಂಗಡಿಯ ಸಾಲಿಗೆ ಕರೆದುಕೊಂಡು ಹೋಗುತ್ತಾನೆ. ಕಥೆಯ ಮುಕ್ಕಾಲು ಭಾಗ ಇಬ್ಬರು ಗಂಡಸರು ಸಿಹಿ ತಿನ್ನುವುದರಲ್ಲೇ ಕಳೆಯುತ್ತದೆ. ಇನ್ನೊಂದು ತುದಿಗೆ ಚೀನಾದ ‘ದಿ ಅನ್‌ಟೇಮ್ಡ್’ (2019) ಇದೆ, 50 ಕಂತು. ಕೂತು ನೋಡಿದರೆ ಸುಮಾರು 37 ಗಂಟೆ, ಒಂದೂ ಮುತ್ತಿಲ್ಲ. ಥಾಯ್ ಸರಣಿಗಳು ನಡುವಿನವು: ಹೆಚ್ಚಾಗಿ 12 ಕಂತು, ಒಂದೊಂದು ಮುಕ್ಕಾಲು ಗಂಟೆಯ ಮೇಲೆ, ವಾರಕ್ಕೊಂದು.

ಈ ಯಂತ್ರ ಹೇಗೆ ಓಡುತ್ತದೆ ಅಂತ ಬಿಚ್ಚಿ ನೋಡಲು ‘ಚೆರ್ರಿ ಮ್ಯಾಜಿಕ್’ (ಟಿವಿ ಟೋಕಿಯೋ, 2020) ಒಳ್ಳೆಯ ಮಾದರಿ. ಹೆಣ್ಣು–ಗಂಡು ಯಾರ ಸಂಗವೂ ಇಲ್ಲದೆ ಮೂವತ್ತು ತುಂಬಿದ ಅದಾಚಿಗೆ ಒಂದು ವಿದ್ಯೆ ದಕ್ಕುತ್ತದೆ. ಮುಟ್ಟಿದವರ ಮನಸ್ಸಿನ ಮಾತು ಅವನಿಗೆ ಕೇಳಿಸುತ್ತದೆ. ತುಂಬಿದ ಲಿಫ್ಟಿನಲ್ಲಿ ಭುಜಕ್ಕೆ ಭುಜ ತಾಗಿದಾಗ, ಆಫೀಸಿನಲ್ಲಿ ಎಲ್ಲರೂ ಹೊಗಳುವ ಕುರೊಸಾವಾ ಒಳಗೊಳಗೇ ತನ್ನನ್ನು ಪ್ರೀತಿಸುತ್ತಿದ್ದಾನೆ ಅನ್ನುವುದು ಮೊದಲ ಕಂತಿನಲ್ಲೇ ಬಯಲಾಗುತ್ತದೆ. ಬೇರೆ ಪ್ರೇಮಕಥೆಗಳು ಹತ್ತು ಕಂತು ಮುಚ್ಚಿಡುವ ಗುಟ್ಟನ್ನು ಇದು ಆರಂಭದಲ್ಲೇ ಒಡೆದಿಡುತ್ತದೆ. ಹಾಗಾದರೆ ಉಳಿದ ಹನ್ನೊಂದು ಕಂತಿನಲ್ಲಿ ಏನಿದೆ?

ಇಲ್ಲಿ ಮೂರು ಖಾತೆಪುಸ್ತಕ ತೆರೆದಿಟ್ಟುಕೊಂಡರೆ ಸುಲಭವಾಗುತ್ತದೆ: ಒಬ್ಬನಿಗೆ ಗೊತ್ತಿರುವುದು, ಇನ್ನೊಬ್ಬನಿಗೆ ಗೊತ್ತಿರುವುದು, ನೋಡುತ್ತಿರುವ ನಮಗೆ ಗೊತ್ತಿರುವುದು. ಅದಾಚಿಗೆ ಕುರೊಸಾವಾನ ಮನಸ್ಸು ಗೊತ್ತು. ಅದು ಅವನಿಗೆ ಗೊತ್ತು ಅನ್ನುವುದು ಕುರೊಸಾವಾನಿಗೆ ಗೊತ್ತಿಲ್ಲ. ಅದಾಚಿಗೆ ತನ್ನ ಮನಸ್ಸೇ ಗೊತ್ತಿಲ್ಲ; ಅದು ನಮಗೆ ಅವನಿಗಿಂತ ಎರಡು ಕಂತು ಮೊದಲೇ ತಿಳಿದಿರುತ್ತದೆ. ಪ್ರತಿ ಕಂತೂ ಈ ಮೂರರಲ್ಲಿ ಒಂದು ಪುಸ್ತಕದಲ್ಲಿ ಒಂದೇ ಒಂದು ಸಾಲು ಬರೆದು ನಿಲ್ಲುತ್ತದೆ. ಏಳನೇ ಕಂತು ಇಡೀ ಪುಸ್ತಕವನ್ನೇ ಮಗುಚಿಹಾಕುತ್ತದೆ. ಅಲ್ಲಿ ಕಥೆ ಕುರೊಸಾವಾನ ಕಣ್ಣಿಗೆ ಹೊರಳುತ್ತದೆ. ಏಳು ವರ್ಷ ಜೊತೆಗೆ ದುಡಿದವನನ್ನು ಅವನು ಪ್ರೀತಿಸತೊಡಗಿದ್ದು ಯಾವಾಗ, ಯಾಕೆ ಅನ್ನುವುದು ಆಗ ನಮಗೆ ತಿಳಿಯುತ್ತದೆ. ಕುರೊಸಾವಾ ಕುಡಿದು ಕುಸಿದಿದ್ದ ಒಂದು ರಾತ್ರಿ ಅದಾಚಿ ಅವನ ಆರೈಕೆ ಮಾಡಿದ್ದ. ಎಲ್ಲರೂ ನೋಡುವ ಚಂದದ ಮುಖದ ಹಿಂದೆ ಸೋಲುವ ಮನುಷ್ಯನೂ ಇದ್ದಾನೆ ಅಂತ ಕಂಡವನು ಅವನೊಬ್ಬನೇ. ಕುರೊಸಾವಾನಿಗೆ ಅಷ್ಟೇ ಸಾಕಾಗಿತ್ತು.

ಇನ್ನೂ ಹತ್ತಿರದಿಂದ ನೋಡಬೇಕಾದದ್ದು ಮೂರನೇ ಕಂತಿನ ಪಾನಗೋಷ್ಠಿ. ‘ರಾಜನ ಆಟ’ದಲ್ಲಿ ರಾಜನಾದವನು ಹೇಳಿದ್ದನ್ನು ಚೀಟಿ ಬಂದವರು ಮಾಡಲೇಬೇಕು. ಇವರಿಬ್ಬರಿಗೂ ಮುತ್ತಿಡುವ ಅಪ್ಪಣೆ ಬರುತ್ತದೆ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾರೆ, ಅದಾಚಿ ನಡುಗುತ್ತಿದ್ದಾನೆ. ಕುರೊಸಾವಾ ಏಳು ವರ್ಷದಿಂದ ಬಯಸಿದ್ದು ಎದುರಿಗಿದೆ, ಅದೂ ನೆಪದ ಸಮೇತ. ಅವನು ಹಣೆಗೆ ತುಟಿ ತಾಗಿಸಿ ಆಟ ಮುಗಿಸುತ್ತಾನೆ. ಆ ಹೊತ್ತಿನಲ್ಲಿ ಅವನ ಮನಸ್ಸಿನ ದನಿ ಅದಾಚಿಗೆ ಕೇಳಿಸುತ್ತಿರುತ್ತದೆ. ಇಲ್ಲಿ ನಿಧಾನ ಅನ್ನುವುದು ಸ್ವಭಾವವಾಗಿಬಿಡುತ್ತದೆ. ಸಿಕ್ಕ ಅವಕಾಶವನ್ನು ಬಳಸದೆ ಬಿಟ್ಟದ್ದರಿಂದಲೇ ಅವನು ನಂಬಿಕೆಗೆ ಅರ್ಹನಾಗುತ್ತಾನೆ. ದುರ್ಬಲ ಸರಣಿ ಈ ಜಾಗದಲ್ಲಿ ಮುತ್ತು ಕೊಡಿಸಿ, ಹಿನ್ನೆಲೆಗೆ ಹಾಡು ಹಾಕಿ, ಮುಂದಿನ ನಾಲ್ಕು ಕಂತು ಇಬ್ಬರನ್ನೂ ಮುಖ ತಪ್ಪಿಸಿ ಓಡಾಡಿಸುತ್ತಿತ್ತು. ಕೊನೆಯ ಕಂತಿನಲ್ಲಿ ಲಿಫ್ಟಿನ ಬಾಗಿಲು ಮುಚ್ಚಿಕೊಂಡು ಮುತ್ತನ್ನು ನಮ್ಮಿಂದ ಮರೆಮಾಡಿದ್ದಕ್ಕೆ ಮಾತ್ರ ಅಭಿಮಾನಿಗಳು ಇನ್ನೂ ಬೇಸರ ಮಾಡಿಕೊಳ್ಳುತ್ತಾರೆ. ಅದು ನಿಧಾನವಲ್ಲ, ಅಳುಕು ಅನ್ನುವ ದೂರು. ನ್ಯಾಯವಾದ ದೂರೇ.

ಥಾಯ್ಲೆಂಡಿನ ಕಡೆ ಬಂದರೆ 2016ರ ‘ಸೋಟಸ್’ ತಪ್ಪಿಸಿ ಹೋಗುವ ಹಾಗಿಲ್ಲ. ಎಂಜಿನಿಯರಿಂಗ್ ಕಾಲೇಜಿನ ರ‍್ಯಾಗಿಂಗ್ ವ್ಯವಸ್ಥೆಯ ಹೆಸರೇ ಸರಣಿಯ ಹೆಸರು. ಹಿರಿತನ, ಶಿಸ್ತು, ಸಂಪ್ರದಾಯ, ಒಗ್ಗಟ್ಟು, ಹುರುಪು ಅನ್ನುವ ಐದು ಇಂಗ್ಲಿಷ್ ಪದಗಳ ಮೊದಲಕ್ಷರ ಸೇರಿಸಿ ಆದದ್ದು. ಮೂರನೇ ವರ್ಷದ ಆರ್ಥಿತ್ ಸೀನಿಯರ್‌ಗಳ ಮುಂದಾಳು (ಆರ್ಥಿತ್ ಅಂದರೆ ನಮ್ಮ ಆದಿತ್ಯನೇ, ಸೂರ್ಯ). ಮೊದಲ ವರ್ಷದ ಕಾಂಗ್‌ಪೋಬ್ ಎದುರುತ್ತರ ಕೊಡುವ ಹುಡುಗ. ಆರ್ಥಿತ್‌ಗೆ ಅವನು ಮೊದಲು ಹೆಸರಲ್ಲ, ನಂಬರು: 0062. ಎಲ್ಲರೆದುರು ನಂಬರ್ ಕೂಗಿ ಮೈದಾನ ಸುತ್ತಿಸುವವನು ಆ ನಂಬರಿನಿಂದ ಹೆಸರಿಗೆ ಬರುವಷ್ಟರಲ್ಲಿ ಕಥೆ ಬಹುದೂರ ಬಂದಿರುತ್ತದೆ. ಕಾಂಗ್‌ಪೋಬ್ ಮಾತ್ರ ‘ಪಿ ಆರ್ಥಿತ್’ ಅನ್ನುವುದನ್ನು ಎಂದೂ ಬಿಡುವುದಿಲ್ಲ. ಅದೇ ‘ಪಿ’ ಮೊದಲ ಕಂತಿನಲ್ಲಿ ಚುಚ್ಚುಮಾತು, ಆಮೇಲೆ ಛೇಡಿಸುವ ಮಾತು, ಕೊನೆಕೊನೆಗೆ ಮುದ್ದು. ಪದ ಒಂದೇ, ದನಿ ಮೂರು.

ವಸ್ತುಗಳೂ ಹೀಗೇ ದುಡಿಯುತ್ತವೆ. ಗಟ್ಟಿ ಸೀನಿಯರ್ ಆರ್ಥಿತ್ ಕುಡಿಯುವುದು ಮಕ್ಕಳಂತೆ ಗುಲಾಬಿ ಬಣ್ಣದ ತಣ್ಣನೆಯ ಹಾಲು. ಅದು ಕಾಂಗ್‌ಪೋಬ್ ಕಣ್ಣಿಗೆ ಬಿದ್ದ ದಿನದಿಂದ ಆ ಗತ್ತು ಅವನೆದುರು ನಡೆಯುವುದಿಲ್ಲ. ಎಂಜಿನಿಯರಿಂಗ್ ಹುಡುಗರಿಗೆ ಸಿಗುವ ಚಿಕ್ಕ ಗೇರ್ ಇದೆಯಲ್ಲ, ಅದನ್ನು ಕೊಟ್ಟರೆ ಹೃದಯ ಕೊಟ್ಟಂತೆ ಅನ್ನುವ ಮಾತು ಕಥೆಯಲ್ಲಿ ಮೊದಲೇ ಬಂದುಹೋಗುತ್ತದೆ. ಆಮೇಲೆ ಆ ಲೋಹದ ಚೂರು ಯಾರ ಕೈಲಿದೆ ಅನ್ನುವುದರ ಮೇಲೆ ಕಣ್ಣಿಟ್ಟರೆ ಸಾಕು. ಹಾಗಂತ ಈ ಸರಣಿಯಲ್ಲಿ ಎಲ್ಲವೂ ಚೆನ್ನ ಅಂತಲ್ಲ. ಹಿರಿಯನಿಗೆ ಸವಾಲು ಹಾಕುವಾಗ ಕಾಂಗ್‌ಪೋಬ್ ‘ನಿಮ್ಮನ್ನು ಹೆಂಡತಿ ಮಾಡಿಕೊಳ್ಳುತ್ತೇನೆ’ ಅನ್ನುವ ಅರ್ಥದ ಮಾತಾಡುತ್ತಾನೆ. ಇಂಥ ಮಾತುಗಳಿಂದಲೇ ಎಷ್ಟೋ ಥಾಯ್ ಸರಣಿಗಳು ‘ಗಂಡ ಯಾರು, ಹೆಂಡತಿ ಯಾರು’ ಅನ್ನುವ ಸವೆದ ಹಾಸ್ಯಕ್ಕೆ ಅಂಟಿಕೊಂಡವು. ರ‍್ಯಾಗಿಂಗನ್ನು ಪ್ರಶ್ನಿಸುತ್ತಾ ಶುರುವಾದ ಕಥೆ ಕೊನೆಗೆ ಅದರೊಂದಿಗೆ ರಾಜಿಯಾಗುವುದೂ ನುಂಗಲಾರದ ತುತ್ತೇ.

ಆ ಅಚ್ಚನ್ನು ಒಡೆದದ್ದು ‘ಬ್ಯಾಡ್ ಬಡಿ’. 2021ರ ಅಕ್ಟೋಬರ್ ಕೊನೆಯಿಂದ 2022ರ ಜನವರಿವರೆಗೆ ಶುಕ್ರವಾರಗಳಂದು ಬಂತು, 12 ಕಂತು, ನಿರ್ದೇಶಕ ಆಫ್ ನೊಪ್ಪರ್ನಾಚ್. ಪ್ಯಾಟ್, ಪ್ರಾನ್ ಅಕ್ಕಪಕ್ಕದ ಮನೆಯವರು. ಅಪ್ಪಅಮ್ಮಂದಿರಿಗೆ ಹಳೆಯ ಹಗೆ. ಒಬ್ಬ ಎಂಜಿನಿಯರಿಂಗ್, ಇನ್ನೊಬ್ಬ ಆರ್ಕಿಟೆಕ್ಚರ್. ಕಾಲೇಜಿನಲ್ಲೂ ಎರಡು ಗುಂಪಿಗೆ ಆಗಿಬರುವುದಿಲ್ಲ. ಬೇರೆ ಸರಣಿಗಳು ಕೊನೆಗಿಡುವ ಮುತ್ತನ್ನು ಇದು ಐದನೇ ಕಂತಿನ ಕೊನೆಗೆ, ಮಹಡಿಯ ತಾರಸಿಯ ಮೇಲೆ ಕೊಟ್ಟುಬಿಡುತ್ತದೆ. ಕೊಟ್ಟ ಮರುಕ್ಷಣ ಪ್ರಾನ್ ತಿರುಗಿ ಹೊರಟುಹೋಗುತ್ತಾನೆ. ನಿಜವಾದ ನಿಧಾನ ಶುರುವಾಗುವುದೇ ಅಲ್ಲಿಂದ. ಪ್ರೀತಿ ಇದೆ ಅನ್ನುವುದು ಇಬ್ಬರಿಗೂ ಗೊತ್ತು. ಮೊದಲು ಯಾರು ಬಾಯಿಬಿಡಬೇಕು ಅನ್ನುವುದನ್ನೇ ಪಂದ್ಯ ಮಾಡಿಕೊಳ್ಳುತ್ತಾರೆ. ಆಮೇಲಿನ ಪ್ರಶ್ನೆ, ಬಚ್ಚಿಟ್ಟುಕೊಂಡೇ ಬಾಳುವುದು ಹೇಗೆ. ಇಬ್ಬರೂ ಪ್ರೇಮಿಗಳಾದ ಮೇಲೂ ಅದೇ ಒರಟು ‘ಗೂ–ಮುಂಗ್’ನಲ್ಲೇ, ಅಂದರೆ ಗೆಳೆಯರ ಲೇ–ಗೀಲೇಯಲ್ಲೇ ಮಾತಾಡುತ್ತಾರೆ. ಇವರಲ್ಲಿ ಒಬ್ಬ ಇದ್ದಕ್ಕಿದ್ದಂತೆ ಗೌರವದ ‘ಖ್ರಾಪ್’ ಸೇರಿಸಿದರೆ ಏನೋ ಬೇಕಾಗಿದೆ, ಇಲ್ಲ ಕೀಟಲೆ ಮಾಡುತ್ತಿದ್ದಾನೆ ಅಂತಲೇ ಅರ್ಥ. ಸಲುಗೆಯ ಗಡಿಯಾರ ಇಲ್ಲಿ ಹಿಂದುಮುಂದಾಗಿ ಓಡುತ್ತದೆ.

ಥಾಯ್ ಸರಣಿಗಳ ಅಭಿಮಾನಿಗಳಲ್ಲಿ ‘ಹನ್ನೊಂದನೇ ಕಂತಿನ ಶಾಪ’ ಅನ್ನುವ ಮಾತಿದೆ. 12 ಕಂತಿನ ಸರಣಿಯಲ್ಲಿ ಕೊನೆಯದು ಸುಖಾಂತ್ಯಕ್ಕೆ ಮೀಸಲು. ಹಾಗಾಗಿ ಅದರ ಹಿಂದಿನ ಕಂತಿನಲ್ಲಿ ಹೇಗಾದರೂ ಮಾಡಿ ಜೋಡಿಯನ್ನು ಬೇರೆ ಮಾಡಲೇಬೇಕು ಅನ್ನುವ ಚಾಳಿ. ಹಳೇ ಪ್ರೇಯಸಿ ಬಂದಳು, ವಿದೇಶದ ಸ್ಕಾಲರ್‌ಶಿಪ್ ಬಂತು, ‘ಅವನ ಒಳ್ಳೆಯದಕ್ಕೇ ನಾನು ದೂರ ಹೋಗುತ್ತೇನೆ’ ಅನ್ನುವ ತ್ಯಾಗ ಬಂತು. ಹತ್ತು ಕಂತು ಬೆಳೆಸಿದ ಸಲುಗೆ ನಿಜವಾದರೆ ಒಂದು ಫೋನು ಮಾಡಿ ಕೇಳುವಷ್ಟಾದರೂ ಆಗಿರಬೇಕು. ಕೇಳದಿದ್ದರೆ ಒಂದೋ ಸಲುಗೆ ಸುಳ್ಳು, ಇಲ್ಲ ಜಗಳ ಸುಳ್ಳು. ‘ಬ್ಯಾಡ್ ಬಡಿ’ ಈ ಶಾಪವನ್ನೇ ಗೇಲಿ ಮಾಡಿತು. ಕೊನೆಯ ಕಂತಿನಲ್ಲಿ ವರ್ಷಗಳು ಉರುಳಿ ಇಬ್ಬರೂ ಬೇರೆಯಾದಂತೆ ಕಾಣುತ್ತಾರೆ. ಅದು ಮನೆಯವರ ಕಣ್ಣಿಗೆ ಆಡಿದ ನಾಟಕ.

ಅದೇ ನಿರ್ದೇಶಕರ ‘ಎ ಟೇಲ್ ಆಫ್ ಥೌಸಂಡ್ ಸ್ಟಾರ್ಸ್’ (2021) ಇನ್ನೊಂದು ದಾರಿ ಹಿಡಿಯುತ್ತದೆ. ಬೆಟ್ಟದ ಹಳ್ಳಿಯ ಶಾಲೆಗೆ ಪಾಠ ಮಾಡಲು ಬರುವ ಶ್ರೀಮಂತರ ಹುಡುಗ ತಿಯಾನ್, ಅಲ್ಲಿಯ ಅರಣ್ಯಾಧಿಕಾರಿ ಪೂಪಾ. ತಿಯಾನ್‌ನ ಎದೆಯಲ್ಲಿ ಮಿಡಿಯುತ್ತಿರುವುದು ಆ ಶಾಲೆಯಲ್ಲಿ ಮೊದಲಿದ್ದ ಟೀಚರಮ್ಮನ ಹೃದಯ. ಅಪಘಾತದಲ್ಲಿ ಅವಳು ತೀರಿಕೊಂಡ ಮೇಲೆ ಕಸಿ ಮಾಡಿದ್ದು. ಈ ಗುಟ್ಟಿನ ಭಾರ ಇರುವುದರಿಂದ ನಿಧಾನಕ್ಕೆ ಕಾರಣ ಹುಡುಕಬೇಕಾಗಿಲ್ಲ: ಇದು ನನ್ನ ಪ್ರೀತಿಯೋ, ಅವಳ ಹೃದಯದ್ದೋ? 10 ಕಂತಿನ ಕಥೆಯಲ್ಲಿ ಮುತ್ತು ಬರುವುದು ಕೊನೆಯ ಕಂತಿಗೆ, ಆದರೂ ತಡವಾಯಿತು ಅನ್ನಿಸುವುದಿಲ್ಲ. ಫುಕೆಟ್‌ನಲ್ಲಿ ನಡೆಯುವ ‘ಐ ಟೋಲ್ಡ್ ಸನ್‌ಸೆಟ್ ಅಬೌಟ್ ಯೂ’ (2020) ಹೆಸರಾಗಿರುವುದು ಅದರ ಕಣ್ಣೀರಿಗೆ. ನೋಡಬೇಕಾದದ್ದು ಅದರ ಚೀನೀ ಭಾಷೆಯ ಪಾಠಗಳನ್ನು. ಕಾಲೇಜು ಪ್ರವೇಶಕ್ಕಾಗಿ ತೇ ತನ್ನ ಹಳೆಯ ಗೆಳೆಯ ಓಏವ್‌ಗೆ ಚೀನೀ ಪದ ಹೇಳಿಕೊಡುತ್ತಾನೆ. ತಮ್ಮ ಭಾಷೆಯಲ್ಲಿ ಹೇಳಲಾಗದ್ದು ಪರಭಾಷೆಯ ಅಭ್ಯಾಸದ ನೆಪದಲ್ಲಿ ಬಾಯಿಗೆ ಬರುತ್ತದೆ.

ಚೀನಾದ ನಿಧಾನಕ್ಕೆ ಕಾರಣವೇ ಬೇರೆ. 2016ರಲ್ಲಿ ‘ಅಡಿಕ್ಟೆಡ್’ ಅನ್ನುವ ವೆಬ್ ಸರಣಿಯನ್ನು ಎಲ್ಲ ಕಂತು ಬರುವ ಮೊದಲೇ ಅಲ್ಲಿಯ ಜಾಲತಾಣಗಳಿಂದ ತೆಗೆಸಲಾಯಿತು. ಆಮೇಲೆ ದಾನ್‌ಮೇ ಕಾದಂಬರಿಗಳು ಪರದೆಗೆ ಬಂದದ್ದು ‘ಗೆಳೆತನ’ದ ವೇಷದಲ್ಲಿ, ಅಲ್ಲಿಯ ನೋಡುಗರೇ ಇದಕ್ಕೆ ‘ಸಮಾಜವಾದಿ ಸೋದರಿಕೆ’ ಅಂತ ಹಾಸ್ಯದ ಹೆಸರಿಟ್ಟರು. ‘ದಿ ಅನ್‌ಟೇಮ್ಡ್’ ಈ ವೇಷವನ್ನು ಕಲೆಯ ಮಟ್ಟಕ್ಕೆ ಏರಿಸಿತು. ಲಾನ್ ಮನೆತನದವರು ಹಣೆಗೆ ಬಿಳಿಯ ಪಟ್ಟಿ ಕಟ್ಟುತ್ತಾರೆ. ಹೆತ್ತವರು, ಕಟ್ಟಿಕೊಂಡವರನ್ನು ಬಿಟ್ಟರೆ ಅದನ್ನು ಬೇರೆಯವರು ಮುಟ್ಟುವಂತಿಲ್ಲ. ತಣ್ಣನೆಯ ಗುಹೆಯಲ್ಲಿ ಮಂತ್ರದ ವೀಣೆಯೊಂದಿದೆ, ಪಟ್ಟಿ ಇಲ್ಲದವರ ಮೇಲೆ ಅದು ಎರಗುತ್ತದೆ. ಲಾನ್ ವಾಂಗ್‌ಜಿ ಒಂದು ಮಾತೂ ಆಡದೆ ತನ್ನ ಪಟ್ಟಿ ಬಿಚ್ಚಿ ತನ್ನ ಮಣಿಕಟ್ಟಿಗೂ ಜೊತೆಗಿರುವ ವೇ ವುಶಿಯಾನ್‌ನ ಮಣಿಕಟ್ಟಿಗೂ ಸೇರಿಸಿ ಕಟ್ಟುತ್ತಾನೆ. ಕಟ್ಟಳೆಯ ಅರ್ಥ ಗೊತ್ತಿರುವವರಿಗೆ ಅದು ಮದುವೆಯೇ. ಸೆನ್ಸಾರಿನ ಕಡತದಲ್ಲಿ ಪ್ರಾಣ ಉಳಿಸಿದ ಉಪಾಯ, ಅಷ್ಟೇ.

ಹೆಸರುಗಳೂ ಹಾಗೆಯೇ. ಆ ಲೋಕದಲ್ಲಿ ಹುಟ್ಟುಹೆಸರು ಬೇರೆ, ದೊಡ್ಡವರಾದ ಮೇಲೆ ಹೊರಗಿನವರು ಕರೆಯುವ ಗೌರವದ ಹೆಸರು ಬೇರೆ. ಲೋಕಕ್ಕೆಲ್ಲ ವೇ ವುಶಿಯಾನ್ ಆದವನು ವಾಂಗ್‌ಜಿಯ ಬಾಯಲ್ಲಿ ‘ವೇ ಇಂಗ್’. ಅವನೂ ಇವನನ್ನು ‘ಲಾನ್ ಝಾನ್’ ಅನ್ನುತ್ತಾನೆ, ಮೊದಲು ಕೆಣಕಲು, ಆಮೇಲೆ ಬೇರೇನೂ ಬಾಯಿಗೆ ಬಾರದೆ. ಹದಿನಾರು ವರ್ಷ ಸತ್ತಂತಿದ್ದು ಮರಳಿದವನನ್ನು ಕೊನೆಯ ದೃಶ್ಯದಲ್ಲಿ ತಿರುಗಿ ನಿಲ್ಲಿಸುವುದು ಹಿಂದಿನಿಂದ ಬಂದ ಆ ಎರಡು ಅಕ್ಷರ. ಇಷ್ಟೆಲ್ಲ ಚೆನ್ನಾಗಿದ್ದರೂ ನಿರ್ಬಂಧವೇ ಕಲೆಗೆ ಒಳ್ಳೆಯದು ಅಂತ ವಾದಿಸುವವರ ಮಾತು ಒಪ್ಪುವಂಥದ್ದಲ್ಲ. 2021ರ ‘ವರ್ಡ್ ಆಫ್ ಆನರ್’ನಲ್ಲಿ ನಟರ ತುಟಿ ಒಂದು ಹೇಳಿದರೆ ಡಬ್ಬಿಂಗ್ ಇನ್ನೊಂದು ಹೇಳುತ್ತಿತ್ತು, ತುಟಿಯೋದಿ ನಿಜವಾದ ಮಾತು ಹುಡುಕುವುದೇ ಅಭಿಮಾನಿಗಳಿಗೆ ಕೆಲಸವಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸರ್ಕಾರ ‘ಹೆಣ್ಣಿಗ’ ಗಂಡಸರ ವಿರುದ್ಧ ಸುತ್ತೋಲೆ ಹೊರಡಿಸಿತು. ಚಿತ್ರೀಕರಣ ಮುಗಿಸಿದ್ದ ಸರಣಿಗಳು ವರ್ಷಗಟ್ಟಲೆ ಡಬ್ಬದಲ್ಲೇ ಉಳಿದವು.

ಕೊರಿಯಾದವರು ಚುಟುಕು. ‘ಸೆಮ್ಯಾಂಟಿಕ್ ಎರರ್’ (2022) 8 ಕಂತು, ಮೂರು ಗಂಟೆಯ ಆಸುಪಾಸು. ಗುಂಪಿನ ಪ್ರಾಜೆಕ್ಟಿನಲ್ಲಿ ಕೆಲಸ ಮಾಡದವರ ಹೆಸರನ್ನು ಕಂಪ್ಯೂಟರ್ ಸೈನ್ಸ್‌ನ ಸಾಂಗ್‌ವೂ ಅಳಿಸಿಹಾಕುತ್ತಾನೆ. ಅದರಿಂದ ಡಿಸೈನ್ ವಿಭಾಗದ ಸೀನಿಯರ್ ಜೇಯಂಗ್‌ನ ಪದವಿ ತಪ್ಪುತ್ತದೆ. ಸೇಡಿಗೆ ಜೇಯಂಗ್ ಮಾಡುವುದು ಇಷ್ಟೇ: ಸಾಂಗ್‌ವೂಗೆ ಆಗದ ಕೆಂಪು ಬಣ್ಣದ ಬಟ್ಟೆ ಹಾಕಿಕೊಂಡು ದಿನವೂ ಅವನ ಪಕ್ಕ ಬಂದು ಕೂರುವುದು. ಹೊತ್ತಿಗೆ ಸರಿಯಾಗಿ ಬದುಕುವವನ ದಿನಚರಿಯಲ್ಲಿ ಬಿದ್ದ ಆ ಕೆಂಪು ಮಚ್ಚೆ ಒಂದು ದಿನ ಬಾರದೇ ಹೋದಾಗ ಖಾಲಿ ಅನ್ನಿಸುತ್ತದೆ. ಕಾಟ ಅಭ್ಯಾಸವಾಯಿತು, ಅಭ್ಯಾಸ ಬೇಕಾಯಿತು. ಕೊರಿಯನ್ ಸರಣಿಗಳಲ್ಲಿ ಕಿವಿಗೆ ಗುರುತು ಸಲೀಸು: ಮಾತಿನ ಕೊನೆಗೆ ‘ಯೋ’ ಇದ್ದರೆ ಬಹುವಚನದ ಮರ್ಯಾದೆ, ಅದು ಉದುರಿದರೆ ಸಲುಗೆ.

ಸೇರಿದ ಮೇಲಿನ ನಿಧಾನ ಬೇಕೆಂದರೆ ಜಪಾನಿನ ‘ವಾಟ್ ಡಿಡ್ ಯೂ ಈಟ್ ಯೆಸ್ಟರ್‌ಡೇ’ (2019) ಇದೆ. ವಕೀಲ ಶಿರೋ, ಕ್ಷೌರದಂಗಡಿಯ ಕೆಂಜಿ, ಇಬ್ಬರೂ ನಲವತ್ತು ದಾಟಿದವರು, ಒಂದೇ ಮನೆ. ಶಿರೋ ತಿಂಗಳ ಅಡುಗೆ ಖರ್ಚನ್ನು 25,000 ಯೆನ್‌ನೊಳಗೆ ಹಿಡಿದಿಡುತ್ತಾನೆ. ಒಂದಿಡೀ ಕಲ್ಲಂಗಡಿ ದುಬಾರಿ ಅಂತ ಗುರುತಿಲ್ಲದ ಗೃಹಿಣಿಯೊಬ್ಬಳ ಜೊತೆ ಅರ್ಧರ್ಧ ಹಂಚಿಕೊಳ್ಳುತ್ತಾನೆ. ಕಂತಿನ ದೊಡ್ಡ ಪಾಲು ತರಕಾರಿ ಹೆಚ್ಚುವುದರಲ್ಲಿ ಹೋಗುತ್ತದೆ. ಇಲ್ಲಿ ಕಾಯುವುದು ಮುತ್ತಿಗಲ್ಲ, ಕೆಂಜಿಯ ಜೊತೆ ರಸ್ತೆಬದಿಯ ಹೋಟೆಲಿನಲ್ಲಿ ಕೂತು ಕಾಫಿ ಕುಡಿಯುವಷ್ಟು ಧೈರ್ಯ ಶಿರೋಗೆ ಯಾವಾಗ ಬರುತ್ತದೆ ಅನ್ನುವುದಕ್ಕೆ. ನಡುವೆ ಇನ್ನೊಂದು ಜೋಡಿ ಕಾನೂನು ಕೇಳಲು ಬರುತ್ತದೆ. ಜಪಾನಿನಲ್ಲಿ ಅವರಿಗೆ ಮದುವೆ ಇಲ್ಲ. ಆಸ್ತಿ ಹೆತ್ತವರಿಗೆ ಹೋಗದೆ ಸಂಗಾತಿಗೇ ಸಿಗಬೇಕಾದರೆ ಒಬ್ಬರು ಇನ್ನೊಬ್ಬರನ್ನು ದತ್ತು ತೆಗೆದುಕೊಳ್ಳಬೇಕು. ಅಡುಗೆಮನೆಯ ಕಥೆಯಲ್ಲಿ ಇಂಥ ಒಂದು ದೃಶ್ಯ ಇಡೀ ಪ್ರಕಾರದ ಸಿಹಿಗೆ ಉಪ್ಪು ಹಾಕುತ್ತದೆ. ತೈವಾನಿನಲ್ಲಿ 2019ರ ಮೇ 24ರಿಂದ, ಥಾಯ್ಲೆಂಡಿನಲ್ಲಿ 2025ರ ಜನವರಿ 23ರಿಂದ ಇಂಥ ಮದುವೆಗೆ ಕಾನೂನಿನ ಒಪ್ಪಿಗೆಯಿದೆ. ನಮ್ಮಲ್ಲಿ ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಮಿನ ಭಯ 2018ರಲ್ಲಿ ಹೋಯಿತು. ಮದುವೆಯ ಹಕ್ಕನ್ನು 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಕೊಡಲಿಲ್ಲ.

ಕೆಡುವುದು ಎಲ್ಲಿ? ಸಲುಗೆ ಬೆಳೆಯುವ ಮೊದಲೇ ಮೈಮುಟ್ಟಿಸಿದರೆ ಕೆಡುತ್ತದೆ. ಕುಡಿದು ಮಲಗಿದವನಿಗೆ ಮುತ್ತಿಡುವ ದೃಶ್ಯ ಇವತ್ತಿಗೂ ಬರುತ್ತದೆ, ಅದನ್ನು ಪ್ರೇಮ ಅಂತ ಮಾರುತ್ತಾರೆ. ನಡುವೆ ನಿಂತ ಹುಡುಗಿಯನ್ನು ಖಳಳನ್ನಾಗಿಸುವುದು ಇನ್ನೊಂದು ಸೋಮಾರಿತನ. ಉಪಜೋಡಿಗಳ ಹಾವಳಿಯೂ ಇದೆ: ಒಂದು ಉಪಜೋಡಿ ಮುಖ್ಯ ಜೋಡಿಗೆ ಕನ್ನಡಿ ಹಿಡಿಯುತ್ತದೆ, ಮೂರಾದರೆ ಸಮಯ ತಿನ್ನುತ್ತವೆ. ಥಾಯ್ ಸರಣಿಗಳಲ್ಲಿ ಕಣ್ಣುಕಣ್ಣು ಸೇರಿದ ಹೊತ್ತಿಗೇ ಮುಖ ತೊಳೆಯುವ ಕ್ರೀಮು, ಚಿಪ್ಸು, ಗ್ರೀನ್ ಟೀ ಬಂದು ಕೂರುತ್ತವೆ. ಪ್ರಾಯೋಜಕರಿಲ್ಲದೆ ಸರಣಿಯಿಲ್ಲ ಅನ್ನುವುದು ಸರಿ, ಆದರೂ ಹುಡುಗ ಮನಸ್ಸು ಬಿಚ್ಚುವ ಹೊತ್ತಿನಲ್ಲಿ ಟೀ ಬಾಟಲಿಯ ಲೇಬಲ್ ಕ್ಯಾಮೆರಾ ಕಡೆ ತಿರುಗಿಸುವುದು ನೋಡಲಾಗದು. ನಟರ ಜೋಡಿಯನ್ನು ಪರದೆಯ ಹೊರಗೂ ಪ್ರೇಮಿಗಳಂತೆ ಮೆರೆಸುವ ವ್ಯಾಪಾರ, ಥಾಯ್ ಭಾಷೆಯಲ್ಲಿ ‘ಖೂ ಜಿನ್’, ಆ ಹುಡುಗರ ಖಾಸಗಿ ಬದುಕನ್ನೇ ಒತ್ತೆಯಿಡುತ್ತದೆ.

ಹೊಸದಾಗಿ ನೋಡುವವರು ‘ಓಲ್ಡ್ ಫ್ಯಾಷನ್ ಕಪ್‌ಕೇಕ್’ನಿಂದ ಶುರುಮಾಡಿ, ಎರಡೇ ಗಂಟೆಯಲ್ಲಿ ನಿಮಗೆ ಒಗ್ಗುತ್ತದೋ ಇಲ್ಲವೋ ತಿಳಿಯುತ್ತದೆ. ಆಮೇಲೆ ‘ಚೆರ್ರಿ ಮ್ಯಾಜಿಕ್’, ಆಮೇಲೆ ‘ಬ್ಯಾಡ್ ಬಡಿ’. ‘ದಿ ಅನ್‌ಟೇಮ್ಡ್’ಗೆ ಕೈಹಾಕುವ ಮುಂಚೆ ಮೊದಲ ಎರಡು ಕಂತು ಅರ್ಥವಾಗುವುದಿಲ್ಲ ಅನ್ನುವುದಕ್ಕೆ ಸಿದ್ಧರಾಗಿ, ಕಥೆ ನಡುವಿನಿಂದ ಶುರುವಾಗಿ ಹಿಂದಕ್ಕೆ ಹೋಗುತ್ತದೆ. ಡಬ್ಬಿಂಗ್ ಬೇಡ, ಮೂಲದ ದನಿಯೇ ಇರಲಿ, ಇಯರ್‌ಫೋನ್ ಇದ್ದರೆ ಒಳ್ಳೆಯದು. ಮೊದಲ ಕಂತಿನಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಏನಂತ ಕರೆಯುತ್ತಾರೆ ಅಂತ ಚೀಟಿಯಲ್ಲಿ ಬರೆದಿಡಿ. ಜಪಾನಿನದಾದರೆ ಹೆಸರಿನ ಕೊನೆಯ ‘ಸಾನ್’, ವಾಕ್ಯದ ಕೊನೆಯ ‘ದೆಸು’, ‘ಮಾಸು’. ಥಾಯ್ ಆದರೆ ‘ಪಿ’, ‘ಖ್ರಾಪ್’, ತನ್ನನ್ನು ತಾನು ಮರ್ಯಾದೆಯ ‘ಪೊಮ್’ ಅನ್ನುತ್ತಾನೋ ಒರಟು ‘ಗೂ’ ಅನ್ನುತ್ತಾನೋ. ನಡುವೆ ಒಮ್ಮೆ, ಕೊನೆಗೊಮ್ಮೆ ಮತ್ತೆ ಬರೆದು ಹೋಲಿಸಿ. ದಿನಕ್ಕೆ ಎರಡು ಕಂತಿಗಿಂತ ಹೆಚ್ಚು ಬೇಡ. ವಾರಕ್ಕೊಂದು ಕಂತು ಅಂತ ಕಟ್ಟಿದ ಕಥೆಯನ್ನು ಒಂದೇ ರಾತ್ರಿ ನುಂಗಿದರೆ ಹಾಲು ಉಕ್ಕುವ ಮುಂಚೆಯೇ ಇಳಿಸಿದಂತೆ.

ಕನ್ನಡದಲ್ಲಿ ಇವಕ್ಕೆ ಸಬ್‌ಟೈಟಲ್ ಮಾಡುವವರು ಬಂದರೆ ಇಂಗ್ಲಿಷಿಗಿಂತ ಎಷ್ಟೋ ಹತ್ತಿರ ಹೋಗಬಹುದು, ಆದರೆ ಮೊದಲ ದಿನವೇ ಒಂದು ಕಡೆ ಮುಗ್ಗರಿಸುತ್ತಾರೆ. ‘ಪಿ’ ಅನ್ನುವುದನ್ನಾಗಲಿ, ಕೊರಿಯಾದ ‘ಹ್ಯಂಗ್’ ಅನ್ನುವುದನ್ನಾಗಲಿ ‘ಅಣ್ಣ’ ಅಂತ ಬರೆದರೆ ಪ್ರೇಮದ ಬಾಗಿಲು ಅಲ್ಲೇ ಮುಚ್ಚಿತು. ಕನ್ನಡದಲ್ಲಿ ಅಣ್ಣ ಅಂದ ಮೇಲೆ ಮುಗಿಯಿತು. ‘ಸೀನಿಯರ್’ ಕಾಲೇಜಿಗೆ ಸರಿ, ಮನೆಗೆ ಬಂದ ಮೇಲೆ ಆಗುವುದಿಲ್ಲ. ಉಳಿದದ್ದು ‘ರೀ’. ಮೈಸೂರು ಕಡೆ ಹೆಂಡತಿ ಗಂಡನನ್ನು ಕರೆಯುವ ‘ರೀ’ಯಲ್ಲಿ ಮರ್ಯಾದೆ, ಸಲುಗೆ ಎರಡೂ ಇವೆ, ಆದರೆ ಗಂಡ–ಹೆಂಡತಿಯ ವಾಸನೆಯೂ ಇದೆ. ಧಾರವಾಡದ ‘ರೀ’ಗೆ ಆ ತೊಡಕಿಲ್ಲ, ಅಲ್ಲಿ ಬಸ್ ಕಂಡಕ್ಟರಿಗೂ ರೀ, ಭಾವನಿಗೂ ರೀ. ಒರಟು ‘ಮುಂಗ್’ಗೆ ಬೆಂಗಳೂರಿನ ‘ಮಗಾ’ ಸರಿಹೋಗುತ್ತದೆ, ಉತ್ತರದ ‘ಲೇ’ಯೂ ಆದೀತು.

‘ಬ್ಯಾಡ್ ಬಡಿ’ಯ ಥಾಯ್ ಹೆಸರನ್ನೇ ತೆಗೆದುಕೊಳ್ಳಿ. ಇಂಗ್ಲಿಷ್ ಹೆಸರು ಅದರ ಅನುವಾದವಲ್ಲ. ಪದಕ್ಕೆ ಪದ ಇಟ್ಟರೆ ‘ಬರೀ, ಗೆಳೆಯ, ಖ್ರಾಪ್, ಗೆಳೆಯ’. ನಡುವೆ ಆ ಗೌರವದ ‘ಖ್ರಾಪ್’ ತೂರಿಸಿಕೊಂಡಿದ್ದರಲ್ಲೇ ಹುಳುಕು ಬಯಲು. ಹಳೇ ಮೈಸೂರಿನ ಬಾಯಲ್ಲಿ ಅದು ‘ಬರೀ ಫ್ರೆಂಡ್ಸು ಕಣ್ರೀ, ಫ್ರೆಂಡ್ಸು’. ಧಾರವಾಡದಲ್ಲಿ ‘ಬರೇ ದೋಸ್ತರ್ರೀ, ದೋಸ್ತರು’. ಮಂಗಳೂರಿನ ಕಡೆ ‘ಫ್ರೆಂಡ್ಸ್ ಮಾತ್ರ ಮಾರಾಯ್ರೇ’. ಮೂರರಲ್ಲಿ ಯಾವುದನ್ನು ಕೇಳಿದರೂ, ಬಾಗಿಲಲ್ಲಿ ಸಿಕ್ಕಿಬಿದ್ದ ಹುಡುಗ ಅಮ್ಮನ ಮುಖ ನೋಡದೆ ಹೇಳಿದ ಹಾಗೇ ಕೇಳಿಸುತ್ತದೆ.